ಒಂಬತ್ತನೇ ಗುಂಡಿ

ಸೊಲ್ಲಾಪುರ, ಅಕ್ಕಲಕೋಟೆ ರಸ್ತೆ. ಬಣ್ಣ ಹಾಕುವ ಶೆಡ್ಡು.
ಟವೆಲ್ಲಿನ ಬಿಲ್ಲು ಬರೆದು ಬರೆದು ಮುಪ್ಪಾದ ಕಂಪ್ಯೂಟರನ್ನು
ಅಂಬಾದಾಸ ವಂಗಾರಿ ನನ್ನ ಮುಂದೆ ದೂಡಿದ:
“ಗುಜರಿಗೆ ಹಾಕಿದ್ರ ಆರುನೂರು ಬರ್ತಾವ.
ನೀ ಇದರಿಂದ ಏನರ ಮಾಡಿಸ್ತಿ ಅಂದ್ರ, ಮಾಡಿಸು.”

ಪ್ರಿಂಟರು ಎಂದೋ ಸತ್ತಿತ್ತು.
ಅದಕ್ಕೆಂದು ಬೆನ್ನಲ್ಲಿ ತೆರೆದ ಬಾಯಿ ಹಾಗೇ ಇತ್ತು,
ಇಪ್ಪತ್ತೈದು ತೂತು, ತುಂಬ ಹತ್ತಿಯ ನುಣುಪು ಧೂಳು.
ಬ್ರಶ್ಶಿನಿಂದ ಹಲ್ಲುಜ್ಜಿಸಿದೆ.
ನನಗೆ ಬೇಕಾದದ್ದು ಎಂಟೇ ತೂತು, ಎಂಟು ತಂತಿ.
ಒಂದೊಂದಕ್ಕೂ ಬರುವುದು ಎರಡೇ ಮಾತು:
ಹೂಂ.
ಊಹೂಂ.

ಐದು ವೋಲ್ಟಿನ ಹೂಂ ಅದು,
ನಾಲಿಗೆಗೆ ತಾಗಿಸಿದರೂ ಜುಮ್ಮೆನ್ನುವುದೋ ಇಲ್ಲವೋ.
ಟ್ರಾನ್ಸಿಸ್ಟರಿನ ಹೆಗಲೇರಿ, ರಿಲೇಯ ಕಿವಿ ಹಿಂಡಿ
ಟಕ್ ಅಂದಿತೋ,
ಕೊಳವೆಯಲ್ಲಿ ಮಲಗಿದ್ದ ಉಗಿ
ಹೆಡೆಯೆತ್ತಿ ಹೌದಿಗೆ ಇಳಿಯುತ್ತದೆ.

ಹೌದಿನೊಳಗೆ ಹಿತ್ತಾಳೆ ನಳಿಗೆ, ನಳಿಗೆಯೊಳಗೆ
ಅವರೆಕಾಳಿನಷ್ಟು ಒಂದು ಸೆನ್ಸರು, ಬಿಸಿ ಅರಿಯಲು.
ದಸ್ತಗೀರ ಮಾಮಾ ಅದನ್ನು ಬೆರಳಲ್ಲಿ ಹಿಡಿದು ನೋಡಿದ.
ಮೂವತ್ತು ವರ್ಷ ಅವನು ಬಿಸಿಯನ್ನು ಕಿವಿಯಿಂದ ಅಳೆದವನು:
ನೀರು ಗುನುಗಿದರೆ ಅರವತ್ತು,
ಗೊಣಗಿದರೆ ಎಂಬತ್ತು.
“ಇದಕ್ಕ ಕಿವಿ ಎಲ್ಲಿ ಅದ?” ಅಂದ.

ಮೊದಲ ರಾತ್ರಿ ಎಂಬತ್ತಕ್ಕೆ ಗೆರೆ ಎಳೆದೆ.
ಗೆರೆಯ ಮೇಲೆ ನಿಲ್ಲಲಾರದೆ ರಿಲೇ
ಟಕಟಕ ಟಕಟಕ ಟಕಟಕ,
ಚಳಿಜ್ವರದ ಹಲ್ಲು.
ಮಾಮಾ ಬೀಡಿ ಆರಿಸಿ ಹೇಳಿದ:
“ಅದಕ್ಕ ಒಂಚೂರು ಸೈರಣೆ ಕಲಿಸು.”

ಕಲಿಸಿದೆ. ಮೂರು ಸಾಲು.
ಎಪ್ಪತ್ತೆಂಟಕ್ಕಿಂತ ಇಳಿದರೆ ಉಗಿ ಬಿಡು.
ಎಂಬತ್ತೆರಡು ದಾಟಿದರೆ ಮುಚ್ಚು.
ನಡುವೆ ಇದ್ದರೆ
ಸುಮ್ಮನಿರು, ಆಗ ಏನು ಮಾಡುತ್ತಿದ್ದೆಯೋ ಅದನ್ನೇ ಮಾಡು.
ಇಷ್ಟನ್ನು ಬರೆದು ನಾನೇ ಬಹಳ ಹೊತ್ತು
ಪರದೆ ನೋಡುತ್ತ ಕೂತೆ.

ಹತ್ತೊಂಬತ್ತು ದಿನ ಎಲ್ಲ ಸರಿ.
ಇಪ್ಪತ್ತನೇ ರಾತ್ರಿ ಕರೆಂಟು ಹೋಯಿತು.
ಹೋದದ್ದಲ್ಲ ಕೇಡು. ಬಂದದ್ದು.
ಕಂಪ್ಯೂಟರು ಎದ್ದು, ತಾನು ಯಾರೆಂದು ತಿಳಿಯುವ ಮೊದಲು
ತನ್ನ ನೆನಪನ್ನು ತಾನೇ ಎಣಿಸಿಕೊಳ್ಳುತ್ತಿತ್ತು,
ಅರವತ್ತನಾಲ್ಕು, ನೂರಿಪ್ಪತ್ತೆಂಟು, ಇನ್ನೂರೈವತ್ತಾರು...
ನನ್ನ ಮೂರು ಸಾಲು ಇನ್ನೂ ಡಿಸ್ಕಿನಲ್ಲಿ ನಿದ್ದೆ.
ಅಷ್ಟರಲ್ಲಿ, ಯಾರೂ ಏನೂ ಕೇಳದೆಯೇ,
ಎಂಟೂ ತಂತಿ ಒಟ್ಟಿಗೆ: ಹೂಂ.

ಉಗಿ ಹೂಂ, ತಣ್ಣೀರು ಹೂಂ, ಉಪ್ಪು ಹೂಂ,
ಕೆಂಪು ಹೂಂ, ಹಳದಿ ಹೂಂ, ಕಪ್ಪು ಹೂಂ,
ಹುಟ್ಟು ಹೂಂ, ಗಟಾರದ ಬಾಯಿ ಹೂಂ.
ಚಿಂದಿ ಅದ್ದಿ ಬಣ್ಣ ನೋಡಲು ಬಗ್ಗಿದ್ದ ಮಾಮಾನ ಬಲಗೈ
ಮೊಣಕೈವರೆಗೆ.

ನಲವತ್ತು ಸೆಕೆಂಡು.

ಸಿವಿಲ್ ಆಸ್ಪತ್ರೆಯ ಬೆಂಚಿನ ಮೇಲೆ
ಅವನು ನನ್ನನ್ನು ಬಯ್ಯಲಿಲ್ಲ. ಕೇಳಿದ ಅಷ್ಟೇ:
“ನಿದ್ದಿಗಣ್ಣಾಗ ಎದ್ದವರ ಕೈಯಾಗ
ಯಾರರ ಬೆಂಕಿ ಕೊಡ್ತಾರೇನೋ ತಮ್ಮಾ?”

ಮರುದಿನ ಮೂವತ್ತೈದು ರೂಪಾಯಿಯ ಹಸಿರು ಗುಂಡಿ ತಂದೆ.
ಒಂದು ಕಾಂಟ್ಯಾಕ್ಟರು:
ಕರೆಂಟು ಹೋದರೆ ತಾನೇ ಕಳಚಿಕೊಳ್ಳುವುದು,
ಬಂದರೆ ತಾನಾಗಿ ಕೂಡದ್ದು.
ಕಂಪ್ಯೂಟರಿಗೂ ಅದಕ್ಕೂ ತಂತಿಯ ನಂಟು ಇಲ್ಲ.
ಒಂದು ಹೆಬ್ಬೆರಳು ಬಂದು ಒತ್ತುವ ತನಕ
ಎಂಟು ಹೂಂಗಳೂ ಬರೀ ಮಾತು.

ಆ ರಾತ್ರಿಯ ಇನ್ನೂರು ಟವೆಲ್ಲು
ಶೇಡ್ ಕಾರ್ಡಿನಲ್ಲಿ ಹೆಸರಿಲ್ಲದ ಬಣ್ಣಕ್ಕೆ ತಿರುಗಿದ್ದವು,
ಒಣಗಿದ ರಕ್ತವೂ ಅಲ್ಲ, ಹಳೆಯ ಬೆಲ್ಲವೂ ಅಲ್ಲ.
ವಂಗಾರಿ ನನ್ನ ಹಣದಲ್ಲಿ ಮುರಿದುಕೊಂಡ.
ಒಂದನ್ನು ಮಾನಿಟರಿನ ಮೇಲೆ ಹೊದಿಸಿದ್ದೇವೆ, ಧೂಳಿಗೆ.

ಈಗಲೂ ಕರೆಂಟು ಹೋಗುತ್ತದೆ. ಬರುತ್ತದೆ.
ಟವೆಲ್ಲಿನಡಿ ಅಂಕಿಗಳು ಏರುತ್ತವೆ,
ರಿಲೇಗಳು ಟಕ್ಕೆಂದು ಎದ್ದು ನಿಲ್ಲುತ್ತವೆ,
ಹೌದಿನ ನೀರು ಅಲುಗುವುದಿಲ್ಲ.
ಮಾಮಾ ಬಸಿಯಲ್ಲಿ ಉಳಿದ ಚಹಾ ಊದಿ ಊದಿ ಮುಗಿಸುತ್ತಾನೆ.
ಆಮೇಲೆ ಏಳುತ್ತಾನೆ, ಎಡಗೈ ಒರೆಸಿಕೊಳ್ಳುತ್ತ.